ಲೀಸ್ ಅಂದರೆ ಭೋಗ್ಯವಲ್ಲ: ದುಬಾರಿ ಎಸ್‌ಯುವಿಯ ಬಾಡಿಗೆ ಮಾತಾಡುವ ಮುನ್ನ

ನಮ್ಮ ತುಮಕೂರಿನಲ್ಲಿ ಲೀಸ್ ಅಂದರೆ ಮೊದಲು ನೆನಪಾಗುವುದು ಮನೆ. ಎಸ್‌ಎಸ್ ಪುರಂನಲ್ಲೋ ಅಶೋಕನಗರದಲ್ಲೋ 10 ಲಕ್ಷ ಕೊಟ್ಟು ಒಂದು ಮನೆ ಹಿಡಿಯುತ್ತೇವೆ. ತಿಂಗಳ ಬಾಡಿಗೆ ಇರುವುದಿಲ್ಲ. ಮೂರು ವರ್ಷ ಕಳೆದ ಮೇಲೆ ಮನೆ ಬಿಟ್ಟರೆ ಆ 10 ಲಕ್ಷ ಹಾಗೇ ಕೈಗೆ ಬರುತ್ತದೆ. ಹಿರಿಯರು ಇದನ್ನೇ ಭೋಗ್ಯ ಅನ್ನುತ್ತಿದ್ದರು.

ಕಾರಿನ ಲೀಸ್ ಬೇರೆಯೇ ಜಾತಿ. ಇಲ್ಲಿ ಪ್ರತಿ ತಿಂಗಳು ಬಾಡಿಗೆ ಕಟ್ಟಬೇಕು. ಅವಧಿ ಮುಗಿದಾಗ ಕಾರು ಲೀಸ್ ಕೊಟ್ಟ ಕಂಪನಿಗೆ ಹೋಗುತ್ತದೆ, ಕಟ್ಟಿದ ಬಾಡಿಗೆಯಲ್ಲಿ ಒಂದು ರೂಪಾಯಿಯೂ ವಾಪಸ್ ಬರುವುದಿಲ್ಲ. ಇಷ್ಟು ಸರಳ ವಿಷಯ ಯಾಕೆ ಬರೆಯುತ್ತಿದ್ದೀನಿ ಅಂದರೆ, ಚೆನ್ನಾಗಿ ವ್ಯಾಪಾರ ಬಲ್ಲ ನಮ್ಮ ಭಾವನೇ ಇದರಲ್ಲಿ ಎಡವಿದ್ದರು.

ಭಾವ ವಸಂತನರಸಾಪುರ ಕೈಗಾರಿಕಾ ಪ್ರದೇಶದಲ್ಲಿ ಬಿಡಿಭಾಗ ಮಾಡುವ ಒಂದು ಸಣ್ಣ ಘಟಕ ನಡೆಸುತ್ತಾರೆ. ಒಂದು ಸಂಜೆ ಫೋನ್ ಮಾಡಿದರು. "ದೊಡ್ಡ ಗಾಡಿ ಮಾತಾಡಿದೀನಿ ಕಣೋ. ಲೀಸು. ತಿಂಗಳಿಗೆ ಒಂದು ಮೂವತ್ತೆರಡು ಹೇಳಿದ್ರು, ಒಂದು ಇಪ್ಪತ್ಮೂರಕ್ಕೆ ಇಳಿಸಿದೆ" ಅಂದರು. ದನಿಯಲ್ಲಿ ಗೆದ್ದ ಖುಷಿ ಇತ್ತು. ನಾನು, "ಭಾವ, ಎಷ್ಟು ತಿಂಗಳಿಗೆ?" ಅಂದೆ. ಆಚೆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಕಾಗದ ತೆಗೆದು ನೋಡಿದರು. ಮೊದಲು 48 ತಿಂಗಳು ಇದ್ದದ್ದು 60 ಆಗಿತ್ತು.

1,32,000ದಿಂದ 1,23,000ಕ್ಕೆ, ಅಂದರೆ ಇಳಿದದ್ದು ತಿಂಗಳಿಗೆ 9,000 ರೂಪಾಯಿ. ಏರಿದ್ದು ಒಟ್ಟು ಮೊತ್ತದಲ್ಲಿ 10 ಲಕ್ಷಕ್ಕಿಂತ ಜಾಸ್ತಿ. ಹೌದು, ಒಂದು ವರ್ಷ ಹೆಚ್ಚು ಓಡಿಸಬಹುದು. ಆದರೆ ದುಬಾರಿ ಕಾರುಗಳಲ್ಲಿ ಬಹಳಷ್ಟಕ್ಕೆ ಕಂಪನಿ ವಾರಂಟಿ ಎರಡು ಮೂರು ವರ್ಷ ಮಾತ್ರ. ಆ ಐದನೇ ವರ್ಷದಲ್ಲಿ ಏರ್ ಸಸ್ಪೆನ್ಷನ್ ಕೈಕೊಟ್ಟರೆ ಖರ್ಚು ಯಾರದು ಅಂತ ಅವರು ಕೇಳಿರಲೇ ಇಲ್ಲ.

ಶಿವರಾತ್ರಿ ಸಮಯದಲ್ಲಿ ಸಿದ್ಧಗಂಗೆಯ ದನಗಳ ಜಾತ್ರೆಗೆ ಹೋದವರಿಗೆ ಗೊತ್ತು. ಎತ್ತು ಕೊಳ್ಳಲು ಬಂದ ರೈತ ಮೊದಲೇ ದರ ಎತ್ತುವುದಿಲ್ಲ. ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ. ಸುಳಿ ನೋಡುತ್ತಾನೆ. ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ಆಮೇಲೆ ದರ ಮಾತಾಡಲು ಟವೆಲ್ ಕೆಳಗೆ ಕೈ ಹೋಗುತ್ತದೆ. ಲೀಸ್‌ನಲ್ಲೂ ಹಾಗೇ. ತಿಂಗಳ ಬಾಡಿಗೆ ಕೊನೆಯಲ್ಲಿ ಬರುವ ಅಂಕಿ. ಅದರ ಹಲ್ಲು ಸುಳಿ ನೋಡದೆ ಅದನ್ನೇ ಹಿಡಿದು ಜಗ್ಗಿದರೆ, ಅವರು ಒಂದು ಕಡೆ ಇಳಿಸಿ ಇನ್ನೊಂದು ಕಡೆ ಏರಿಸುತ್ತಾರೆ.

ಹಾಗಾದರೆ ಆ ಬಾಡಿಗೆ ಹುಟ್ಟುವುದು ಹೇಗೆ? ಒಂದು ಲೆಕ್ಕ ಹಾಕಿ ನೋಡೋಣ. ಎಕ್ಸ್ ಶೋರೂಮ್, ಅಂದರೆ ರೋಡ್ ಟ್ಯಾಕ್ಸ್, ವಿಮೆ ಸೇರಿಸದೆ, 70 ಲಕ್ಷದ ಡೀಸೆಲ್ ಎಸ್‌ಯುವಿ ಅಂದುಕೊಳ್ಳಿ. 2025ರ ಸೆಪ್ಟೆಂಬರ್ 22ರಿಂದ ಇಂಥ ದೊಡ್ಡ ಕಾರುಗಳಿಗೆ ಜಿಎಸ್‌ಟಿ ಶೇ. 40. ಅಂದರೆ ಆ 70 ಲಕ್ಷದೊಳಗೆ ಕಾರಿನ ಮೂಲ ಬೆಲೆ 50 ಲಕ್ಷ, ತೆರಿಗೆ 20 ಲಕ್ಷ. ಲೀಸ್ ಕಂಪನಿ ಕಾರನ್ನು ಬಾಡಿಗೆಗೆ ಕೊಡಲೆಂದೇ ಕೊಳ್ಳುವುದರಿಂದ, ಸಾಮಾನ್ಯವಾಗಿ ಆ 20 ಲಕ್ಷವನ್ನು ಇನ್‌ಪುಟ್ ಕ್ರೆಡಿಟ್ ಆಗಿ, ಅಂದರೆ ತಾನು ಸರ್ಕಾರಕ್ಕೆ ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಳ್ಳುವ ಮೊತ್ತವಾಗಿ, ತೆಗೆದುಕೊಳ್ಳುತ್ತದೆ. ಅದರ ಕೈಯಿಂದ ನಿಜವಾಗಿ ಹೋಗುವುದು 50 ಲಕ್ಷ.

ನಾಲ್ಕು ವರ್ಷದ ನಂತರ ಈ ಕಾರು 20 ಲಕ್ಷಕ್ಕೆ ಮಾರಾಟವಾಗುತ್ತದೆ ಅಂತ ಕಂಪನಿ ಅಂದಾಜು ಮಾಡುತ್ತದೆ. ಇದಕ್ಕೆ ರೆಸಿಡ್ಯುಯಲ್ ವ್ಯಾಲ್ಯೂ ಅನ್ನುತ್ತಾರೆ. ನಾವು ಉಳಿಕೆ ಬೆಲೆ ಅನ್ನೋಣ. 50ರಲ್ಲಿ 20 ಕಳೆದರೆ 30 ಲಕ್ಷ. ಈ 30 ಲಕ್ಷದ ಸವಕಳಿಯನ್ನು ನೀವು 48 ತಿಂಗಳಲ್ಲಿ ತುಂಬಿಕೊಡಬೇಕು. ತಿಂಗಳಿಗೆ 62,500. ಇದರ ಜೊತೆಗೆ ಬಡ್ಡಿ. ಮೊದಲ ದಿನ ಅವರ ಹಣ 50 ಲಕ್ಷ ನಿಮ್ಮ ಹತ್ತಿರ ಇದೆ, ಕೊನೆಯ ದಿನ 20 ಲಕ್ಷ ಇದೆ. ಸರಾಸರಿ 35 ಲಕ್ಷ. ವರ್ಷಕ್ಕೆ ಶೇ. 11 ಬಡ್ಡಿ ಅಂದರೆ ತಿಂಗಳಿಗೆ ಸುಮಾರು 32,000. ಎರಡೂ ಕೂಡಿದರೆ 94,500 ಹತ್ತಿರ. ಅದರ ಮೇಲೆ ಶೇ. 40 ಜಿಎಸ್‌ಟಿ. ಅಲ್ಲಿಗೆ 1,32,000 ಚಿಲ್ಲರೆ. ಕಂಪನಿಯ ಕಂಪ್ಯೂಟರ್ ಇದನ್ನು ಇನ್ನೂ ನಿಖರವಾಗಿ ಮಾಡುತ್ತದೆ, ಬಾಡಿಗೆ ಒಂದೆರಡು ಸಾವಿರ ಆಚೀಚೆ ಆಗಬಹುದು. ಆದರೆ ಜೇಬಿನ ಫೋನ್ ತೆಗೆದು ಶೋರೂಮ್‌ನಲ್ಲೇ ಹಾಕಬಹುದಾದ ಲೆಕ್ಕ ಇದು.

ಈಗ ಒಂದೊಂದೇ ಅಂಕಿ ಅಲುಗಾಡಿಸಿ ನೋಡಿ. ಕಾರಿನ ಮೂಲ ಬೆಲೆಯಲ್ಲಿ 3 ಲಕ್ಷ ಡಿಸ್ಕೌಂಟ್ ಸಿಕ್ಕರೆ, ಜಿಎಸ್‌ಟಿ ಸೇರಿ ತಿಂಗಳಿಗೆ 10,600 ಕಡಿಮೆ. ನಾಲ್ಕು ವರ್ಷಕ್ಕೆ 5 ಲಕ್ಷ ಉಳಿತಾಯ. ಬಡ್ಡಿ ಶೇ. 11ರಿಂದ 10ಕ್ಕೆ ಇಳಿದರೆ ಉಳಿಯುವುದು ತಿಂಗಳಿಗೆ 4,000. ಉಳಿಕೆ ಬೆಲೆಯನ್ನು ಅವರು 20ರ ಬದಲು 15 ಲಕ್ಷ ಅಂತ ಹಿಡಿದರೆ ಬಾಡಿಗೆ 11,000ಕ್ಕಿಂತ ಜಾಸ್ತಿ ಏರುತ್ತದೆ. ಹೆಚ್ಚಿನವರು ಜೋರು ಮಾಡುವುದು ಬಡ್ಡಿಯ ಮೇಲೆ, ಯಾಕೆಂದರೆ ಸಾಲದಲ್ಲಿ ಅದೇ ರೂಢಿ. ನನ್ನ ಪ್ರಕಾರ ಲೀಸ್‌ನಲ್ಲಿ ಮೊದಲು ಹಿಡಿಯಬೇಕಾದದ್ದು ಕಾರಿನ ಬೆಲೆ ಮತ್ತು ಉಳಿಕೆ ಬೆಲೆ.

ಕಾರಿನ ಬೆಲೆ ಕೇಳುವುದಕ್ಕೆ ತುಂಬ ಜನ ಹಿಂಜರಿಯುತ್ತಾರೆ. ಬಾಡಿಗೆಗೆ ತಗೊಳ್ಳುವವನಿಗೆ ಬೆಲೆ ಯಾಕೆ ಅಂತ. ಹಾಗಲ್ಲ. ಲೀಸ್ ಅನ್ನುವ ಮಾತೇ ಎತ್ತದೆ, ಮೊದಲು ನಗದಿಗೆ ಕೊಳ್ಳುವವರಂತೆ ಡೀಲರ್ ಹತ್ತಿರ ಡಿಸ್ಕೌಂಟ್ ಮಾತಾಡಿ ಬರಹದಲ್ಲಿ ತೆಗೆದುಕೊಳ್ಳಿ. ಆ ಕಾಗದವನ್ನು ಲೀಸ್ ಕಂಪನಿಯ ಮುಂದೆ ಇಡಿ. "ಈ ಬೆಲೆಯ ಮೇಲೆ ಬಾಡಿಗೆ ಹಾಕಿಕೊಡಿ" ಅನ್ನಿ. ಜೊತೆಗೆ ಇನ್ನೊಂದು ಪ್ರಶ್ನೆ: "ಬಂಡವಾಳ ಹಿಡಿದಿರೋದು ಜಿಎಸ್‌ಟಿ ಸೇರಿಸಿಯೋ, ಬಿಟ್ಟೋ?" 70 ಲಕ್ಷದ ಮೇಲೆ ಬಾಡಿಗೆ ಲೆಕ್ಕ ಹಾಕಿ, ಅದರ ಮೇಲೆ ಮತ್ತೆ ಶೇ. 40 ಹಾಕಿದ್ದರೆ ನೀವು ಒಂದೇ ಕಾರಿಗೆ ಎರಡು ಸಲ ತೆರಿಗೆ ಹೊರುತ್ತೀರಿ. ಈ ಒಂದು ಪ್ರಶ್ನೆ ಕೇಳಿದರೆ ಎದುರಿಗಿರುವವರ ಮಾತಿನ ಧಾಟಿಯೇ ಬದಲಾಗುತ್ತದೆ. ನಾನೇ ನೋಡಿದ್ದೇನೆ.

ಉಳಿಕೆ ಬೆಲೆಗೆ ವಾದ ಮಾಡಲು ಇನ್ಶೂರೆನ್ಸ್ ಕಾಗದ ನೆರವಾಗುತ್ತದೆ. ಮೂರರಿಂದ ನಾಲ್ಕು ವರ್ಷದ ಕಾರಿಗೆ ವಿಮೆಯವರು ಶೇ. 40 ಸವಕಳಿ ಕಳೆದು ಬೆಲೆ ಕಟ್ಟುತ್ತಾರೆ. ಅಂದರೆ ಅವರ ಲೆಕ್ಕದಲ್ಲಿ ಶೇ. 60 ಉಳಿದಿದೆ. ದುಬಾರಿ ಕಾರು ಹಳೆಯ ಕಾರಿನ ಮಾರುಕಟ್ಟೆಯಲ್ಲಿ ಅದಕ್ಕಿಂತ ಬೇಗ ಬೆಲೆ ಕಳೆದುಕೊಳ್ಳುತ್ತದೆ, ಅದು ನಿಜ. ಆದರೆ ಅವರು ಶೇ. 30 ಅಂತ ಶುರು ಮಾಡಿದರೆ, ಅದೇ ಮಾದರಿಯ ನಾಲ್ಕು ವರ್ಷದ ಕಾರುಗಳು ಬೆಂಗಳೂರಿನಲ್ಲಿ ಎಷ್ಟಕ್ಕೆ ಮಾರಾಟಕ್ಕಿವೆ ಅಂತ ನಾಲ್ಕೈದು ಜಾಹೀರಾತು ತೋರಿಸಿ ಮಾತಾಡಿ. ಉಳಿಕೆ ಬೆಲೆಯನ್ನು ಎತ್ತರಕ್ಕೆ ಒಪ್ಪಿಸುವಾಗ ಒಂದು ಎಚ್ಚರ ಇರಲಿ. ಕೊನೆಯಲ್ಲಿ ಕಾರನ್ನು ನೀವೇ ಕೊಳ್ಳುವ ಆಸೆ ಇದ್ದರೆ ಆ ಎತ್ತರದ ಬೆಲೆ ನಿಮಗೇ ಭಾರ. ಕಾರು ಅಷ್ಟಕ್ಕೆ ಮಾರಾಟವಾಗದಿದ್ದರೆ ನಷ್ಟ ಯಾರದು ಅನ್ನುವುದನ್ನೂ ಕರಾರಿನಲ್ಲಿ ನೋಡಬೇಕು. ಆಪರೇಟಿಂಗ್ ಲೀಸ್‌ನಲ್ಲಿ ಅದು ಕಂಪನಿಯದು. ಫೈನಾನ್ಸ್ ಲೀಸ್‌ನಲ್ಲಿ ಆ ಹೊರೆ ನಿಮ್ಮ ಕಡೆಗೆ ವಾಲುತ್ತದೆ. ಹೆಸರು ಎರಡಕ್ಕೂ ಲೀಸೇ.

ಜಿಎಸ್‌ಟಿ ಬಗ್ಗೆ ಇನ್ನೂ ಸ್ವಲ್ಪ ಹೇಳಬೇಕು, ಯಾಕೆಂದರೆ ಭಾರತದಲ್ಲಿ ದುಬಾರಿ ಕಾರಿನ ಲೀಸ್ ಲಾಭವೋ ನಷ್ಟವೋ ಅನ್ನುವುದು ಹೆಚ್ಚಾಗಿ ಇಲ್ಲೇ ತೀರ್ಮಾನವಾಗುತ್ತದೆ. ಬ್ಯಾಂಕ್ ಸಾಲ ತೆಗೆದರೆ ಆ ಬಡ್ಡಿಗೆ ಜಿಎಸ್‌ಟಿ ಇಲ್ಲ. ಲೀಸ್‌ನಲ್ಲಿ ಬಡ್ಡಿ ಬಾಡಿಗೆಯೊಳಗೆ ಕೂತಿರುತ್ತದೆ, ಹಾಗಾಗಿ ಅದಕ್ಕೂ ಶೇ. 40 ಬೀಳುತ್ತದೆ. ನಮ್ಮ ಲೆಕ್ಕದ 32,000 ಬಡ್ಡಿಯ ಮೇಲೆ ತಿಂಗಳಿಗೆ 12,800 ತೆರಿಗೆ. ಅದೇ ಎಲೆಕ್ಟ್ರಿಕ್ ಕಾರಾದರೆ ಜಿಎಸ್‌ಟಿ ಶೇ. 5. ಬಾಡಿಗೆಗೂ ಅದೇ ದರ. 32,000ಕ್ಕೆ 1,600 ಮಾತ್ರ. ಅದಕ್ಕೇ ನಾನು ನೇರವಾಗಿ ಹೇಳುತ್ತೇನೆ: ಲೀಸೇ ಬೇಕು ಅನ್ನುವವರು ಎಲೆಕ್ಟ್ರಿಕ್ ಎಸ್‌ಯುವಿಯ ಕೊಟೇಶನ್ ಒಂದನ್ನಾದರೂ ತರಿಸಿ ಪಕ್ಕದಲ್ಲಿಟ್ಟು ನೋಡಿ.

"ಜಿಎಸ್‌ಟಿ ಹೇಗೂ ವಾಪಸ್ ಸಿಗುತ್ತೆ, ನೀವು ಬಿಸಿನೆಸ್‌ನವರಲ್ವಾ ಸಾರ್" ಅಂತ ಭಾವನಿಗೂ ಒಬ್ಬರು ಹೇಳಿದ್ದರಂತೆ. ಸಿಗುವುದಿಲ್ಲ. ಡ್ರೈವರ್ ಸೇರಿ 13 ಸೀಟಿನವರೆಗಿನ ವಾಹನಕ್ಕೆ, ಅದರ ಬಾಡಿಗೆಗೂ ಸೇರಿಸಿ, ಇನ್‌ಪುಟ್ ಕ್ರೆಡಿಟ್ ತಡೆದಿದೆ ಕಾನೂನು. ಟ್ಯಾಕ್ಸಿ ಓಡಿಸುವವರು, ಕಾರು ಮಾರುವವರು, ಡ್ರೈವಿಂಗ್ ಸ್ಕೂಲ್‌ನವರಿಗೆ ವಿನಾಯಿತಿ ಇದೆ. ಬಿಡಿಭಾಗ ಮಾಡುವ ಘಟಕದವರಿಗೆ ಇಲ್ಲ. ಆದಾಯ ತೆರಿಗೆಯಲ್ಲಿ ಮಾತ್ರ, ವ್ಯಾಪಾರಕ್ಕೆ ಬಳಸಿದಷ್ಟು ಪಾಲಿನ ಬಾಡಿಗೆಯನ್ನು ಖರ್ಚಾಗಿ ತೋರಿಸಬಹುದು. ಸ್ವಂತ ಕಾರಾದರೆ ವರ್ಷಕ್ಕೆ ಶೇ. 15 ಸವಕಳಿ ಸಿಗುತ್ತಿತ್ತು. ಎರಡನ್ನೂ ನಿಮ್ಮ ಆಡಿಟರ್ ಹತ್ತಿರ ಒಮ್ಮೆ ಹಾಕಿಸಿ ನೋಡಿ.

ರೋಡ್ ಟ್ಯಾಕ್ಸ್ ಇನ್ನೊಂದು ದೊಡ್ಡ ಗಂಟು. ಕರ್ನಾಟಕದಲ್ಲಿ 20 ಲಕ್ಷ ಮೀರಿದ ಕಾರಿಗೆ ಜೀವಾವಧಿ ತೆರಿಗೆ ಶೇ. 18, ಅದರ ಮೇಲೆ ಸೆಸ್. ನಮ್ಮ 70 ಲಕ್ಷದ ಕಾರಿಗೆ ಸೆಸ್ ಸೇರಿ 14 ಲಕ್ಷದ ಹತ್ತಿರ. ಇದು ಕಾರಿನ ಜೀವಮಾನಕ್ಕೆ ಕಟ್ಟುವ ತೆರಿಗೆ. ನೀವು ಓಡಿಸುವುದು ನಾಲ್ಕೇ ವರ್ಷ. ಉಳಿದ ವರ್ಷಗಳ ತೆರಿಗೆ ಕಾರಿನ ಜೊತೆಗೇ ಹೋಗುತ್ತದೆ. ಹಾಗಾಗಿ "ತೆರಿಗೆ ಕಟ್ಟಿದ ಕಾರು ವಾಪಸ್ ಕೊಡ್ತಿದ್ದೀನಿ, ಉಳಿಕೆ ಬೆಲೆಯಲ್ಲಿ ಅದನ್ನೂ ಸೇರಿಸಿ" ಅಂತ ಕೇಳುವುದು ನ್ಯಾಯವಾದ ಮಾತು. ಇನ್ನೊಂದು, ಈ 14 ಲಕ್ಷವನ್ನು ಬಾಡಿಗೆಯೊಳಗೆ ಸೇರಿಸಿದರೆ ಅದರ ಮೇಲೂ ಜಿಎಸ್‌ಟಿ ಬರಬಹುದು. ಬಡ್ಡಿ ಬಿಟ್ಟು ನೋಡಿದರೂ ತಿಂಗಳಿಗೆ 29,000 ಆಗಬೇಕಾದದ್ದು 40,800 ಆಗುತ್ತದೆ. ಸಾಧ್ಯವಿದ್ದರೆ ಆ ತೆರಿಗೆಯನ್ನು ಬಾಡಿಗೆಯಿಂದ ಹೊರಗಿಟ್ಟು ನೀವೇ ಕಟ್ಟುವ ದಾರಿ ಇದೆಯೇ ಕೇಳಿ. ಸರ್ವಿಸ್ ಪ್ಯಾಕೇಜ್‌ಗೂ ಬೇರೆ ಸಾಲು, ಬೇರೆ ಬಿಲ್ ಕೇಳಿ. ಅದಕ್ಕೆ ಶೇ. 18 ಸಾಕು.

ಎಲೆಕ್ಟ್ರಿಕ್ ಕಾರಿಗೆ ಮೊದಲು ಇಲ್ಲಿ ರೋಡ್ ಟ್ಯಾಕ್ಸ್ ಇರಲಿಲ್ಲ. 2024ರಿಂದ 25 ಲಕ್ಷ ಮೀರಿದವಕ್ಕೆ ಶೇ. 10 ಹಾಕಿದ್ದಾರೆ.

ಈ ತೆರಿಗೆಯ ಭಾರ ನೋಡಿ ಕೆಲವರು ಬೇರೆ ರಾಜ್ಯದ ನಂಬರಿನ ಆಸೆ ತೋರಿಸುತ್ತಾರೆ. ಬೇಡ. ಬೇರೆ ರಾಜ್ಯದ ಕಾರು 12 ತಿಂಗಳಿಗಿಂತ ಹೆಚ್ಚು ಇಲ್ಲಿ ಇದ್ದರೆ ಮರುನೋಂದಣಿ ಮಾಡಿಸಲೇಬೇಕು. ಇಂಥ ದುಬಾರಿ ಕಾರುಗಳನ್ನು ಸಾರಿಗೆ ಇಲಾಖೆ ಬೆಂಗಳೂರಿನಲ್ಲಿ ಹಿಡಿದು ತೆರಿಗೆ ಕಟ್ಟಿಸಿಕೊಂಡಿದೆ. ತುಮಕೂರಿನವರಿಗೆ ಕೆಎ-06, ಕೋಲಾರದವರಿಗೆ ಕೆಎ-07, ಚಿಕ್ಕಬಳ್ಳಾಪುರದವರಿಗೆ ಕೆಎ-40 ಇದೆ. ನಿಮ್ಮ ಊರಿನ ನಂಬರೇ ಇರಲಿ.

ಇನ್ನು ಕಿಲೋಮೀಟರ್. ನಮ್ಮ ಕಡೆಯವರು ಅತಿ ಹೆಚ್ಚು ಕಳೆದುಕೊಳ್ಳುವುದು ಇಲ್ಲೇ ಅಂತ ನನಗೆ ಅನ್ನಿಸುತ್ತದೆ. ಲೀಸ್ ಕರಾರಿನಲ್ಲಿ ವರ್ಷಕ್ಕೆ ಇಂತಿಷ್ಟು ಅಂತ ಮಿತಿ ಇರುತ್ತದೆ. 15,000, 20,000, ಹೀಗೆ. ಬೆಂಗಳೂರಿನ ಒಳಗೇ ಓಡಾಡುವವರಿಗೆ ಅದು ಸಾಕು. ತುಮಕೂರಿನವರ ಬದುಕು ಹಾಗಿಲ್ಲ. ಇಲ್ಲಿಂದ ಬೆಂಗಳೂರಿಗೆ 70 ಕಿಲೋಮೀಟರ್. ಹೋಗಿ ಬಂದರೆ 140. ತಿಂಗಳಿಗೆ 22 ದಿನ ಹೋದರೆ 3,000 ದಾಟಿತು. ವರ್ಷಕ್ಕೆ 37,000 ಹತ್ತಿರ. ಇದರಲ್ಲಿ ತಿರುಪತಿ ಇಲ್ಲ, ಧರ್ಮಸ್ಥಳ ಇಲ್ಲ, ಊರ ಹಬ್ಬಕ್ಕೆ ಪಾವಗಡಕ್ಕೋ ಸಿರಾಕ್ಕೋ ಹೋದದ್ದಿಲ್ಲ.

ಮಿತಿ 20,000 ಇದ್ದು, ಮೀರಿದ ಪ್ರತಿ ಕಿಲೋಮೀಟರಿಗೆ 15 ರೂಪಾಯಿ ಅಂತ ಬರೆದಿದೆ ಅಂದುಕೊಳ್ಳಿ. ವರ್ಷಕ್ಕೆ 17,000 ಜಾಸ್ತಿ ಓಡಿದರೆ 2,55,000. ನಾಲ್ಕು ವರ್ಷಕ್ಕೆ 10 ಲಕ್ಷ ದಾಟುತ್ತದೆ. ಅದೂ ಜಿಎಸ್‌ಟಿ ಬಿಟ್ಟು. ಕೊನೆಯ ದಿನ ಬೀಗದ ಕೈ ಕೊಡಲು ಹೋದಾಗ ಈ ಬಿಲ್ ಕೈಗೆ ಬಂದರೆ ಯಾರಿಗಾದರೂ ಎದೆ ಧಸಕ್ ಅನ್ನುತ್ತದೆ.

ಮಾತಿಗೆ ಕೂರುವ ಮುನ್ನ ಈಗಿನ ಕಾರಿನ ಸರ್ವಿಸ್ ಬಿಲ್‌ಗಳನ್ನು ತೆಗೆದುಕೊಳ್ಳಿ. ಪ್ರತಿ ಬಿಲ್‌ನಲ್ಲೂ ಓಡೋಮೀಟರ್ ಅಂಕಿ ಇರುತ್ತದೆ. ವರ್ಷಕ್ಕೆ ನಿಜವಾಗಿ ಎಷ್ಟು ಓಡಿಸುತ್ತೀರಿ ಅನ್ನುವುದು ಐದು ನಿಮಿಷದಲ್ಲಿ ಗೊತ್ತಾಗುತ್ತದೆ. ಅಷ್ಟು ಕಿಲೋಮೀಟರನ್ನು ಮೊದಲೇ ಕೇಳಿ ಬಾಡಿಗೆಯಲ್ಲಿ ಸೇರಿಸಿ. ಮೊದಲೇ ಕೊಂಡ ಕಿಲೋಮೀಟರ್ ಅಗ್ಗ, ಆಮೇಲೆ ದಂಡವಾಗಿ ಕಟ್ಟುವುದು ದುಬಾರಿ. ಮಿತಿಯನ್ನು ವರ್ಷದ ಲೆಕ್ಕ ಬಿಟ್ಟು ಇಡೀ ಅವಧಿಗೆ ಒಟ್ಟಾಗಿ ಬರೆಸಿ. ಒಂದು ವರ್ಷ ಜಾಸ್ತಿ ಓಡಿ, ಮುಂದಿನ ವರ್ಷ ಕಡಿಮೆ ಓಡಿದರೆ ಅಲ್ಲಿಗಲ್ಲಿಗೆ ಸರಿಹೋಗುತ್ತದೆ. ಕಡಿಮೆ ಓಡಿಸಿದರೆ ಸ್ವಲ್ಪವಾದರೂ ವಾಪಸ್ ಕೊಡುತ್ತೀರಾ ಅಂತಲೂ ಕೇಳಿ. ಬೆಳಿಗ್ಗೆ ರೈಲು ಹತ್ತಿ ಬೆಂಗಳೂರಿಗೆ ಹೋಗುವವರು, ಕಾರು ವಾರಾಂತ್ಯಕ್ಕೆ ಮಾತ್ರ ಅನ್ನುವವರು, ಇದನ್ನು ಬಿಡಲೇಬಾರದು.

ಕಾರು ವಾಪಸ್ ಕೊಡುವಾಗ ನೋಡುವ ಸವೆತದ ವಿಷಯವೂ ಇದೆ. "ಸಾಮಾನ್ಯ ಸವೆತ ಬಿಟ್ಟು ಉಳಿದದ್ದಕ್ಕೆ ಬಾಡಿಗೆದಾರರೇ ಹೊಣೆ" ಅಂತ ಒಂದು ಸಾಲು ಇರುತ್ತದೆ. ಯಾವುದು ಸಾಮಾನ್ಯ? ನಮ್ಮ ಬೋರ್‌ವೆಲ್ ನೀರಲ್ಲಿ ತೊಳೆದರೆ ಗಾಜಿನ ಮೇಲೆ, ಬಣ್ಣದ ಮೇಲೆ ಉಪ್ಪಿನ ಕಲೆ ಕೂರುತ್ತದೆ. ಜಲ್ಲಿ ಲಾರಿ ಹಿಂದೆ ಹೋದರೆ ಬಾನೆಟ್ ಮೇಲೆ ಚುಕ್ಕೆ ಬೀಳುತ್ತದೆ. ತೋಟದ ಮನೆ ಮುಂದೆ ನಿಲ್ಲಿಸಿದರೆ ಇಲಿ ವೈರ್ ಕಡಿಯುತ್ತದೆ. ಇವೆಲ್ಲ ಇಲ್ಲಿ ದಿನನಿತ್ಯದ ಮಾತು, ಕಾರು ನೋಡಲು ಬರುವ ಇನ್‌ಸ್ಪೆಕ್ಟರ್‌ಗೆ ಹಾಗೆ ಕಾಣಬೇಕೆಂದಿಲ್ಲ. ಗೀರು ಎಷ್ಟು ಉದ್ದದವರೆಗೆ ಪರವಾಗಿಲ್ಲ, ಟೈರ್‌ನಲ್ಲಿ ಎಷ್ಟು ಮಿಲಿಮೀಟರ್ ಉಳಿದಿರಬೇಕು ಅಂತ ಅಳತೆ ಸಮೇತ ಬರೆಸಿಕೊಳ್ಳಿ. ಕಾನೂನು ಕೇಳುವುದು 1.6 ಮಿಲಿಮೀಟರ್. ಕಂಪನಿ ಅದಕ್ಕಿಂತ ಜಾಸ್ತಿ ಕೇಳಿದರೆ ಈಗಲೇ ಗೊತ್ತಾಗಲಿ. ಇಷ್ಟು ದೊಡ್ಡ ಕಾರಿನ ನಾಲ್ಕು ಟೈರ್ ಸಣ್ಣ ಖರ್ಚಲ್ಲ.

ಮಧ್ಯದಲ್ಲೇ ಬಿಡಬೇಕಾಗಿ ಬಂದರೆ? ಸಂಬಳದವರಿಗೆ ಕಂಪನಿ ಮೂಲಕ ಲೀಸ್ ಇದ್ದಾಗ, ಕೆಲಸ ಬಿಟ್ಟ ದಿನವೇ ಈ ಪ್ರಶ್ನೆ ಬರುತ್ತದೆ. ಹೊಸ ಕಂಪನಿ ಆ ಲೀಸ್ ವಹಿಸಿಕೊಳ್ಳದಿದ್ದರೆ ಉಳಿದ ಕಂತುಗಳ ದೊಡ್ಡ ಪಾಲು ನಿಮ್ಮ ತಲೆಗೆ ಬರಬಹುದು. ಫೋರ್‌ಕ್ಲೋಶರ್ ಮೊತ್ತ, ಅಂದರೆ ಅವಧಿಗೆ ಮುಂಚೆ ಲೀಸ್ ಮುಗಿಸಲು ಕಟ್ಟಬೇಕಾದದ್ದು, ತಿಂಗಳು ತಿಂಗಳಿಗೆ ಹೇಗೆ ಇಳಿಯುತ್ತದೆ ಅನ್ನುವ ಪಟ್ಟಿಯನ್ನು ಸಹಿಗೆ ಮುಂಚೆ ಕೇಳಿ. 12ನೇ ತಿಂಗಳಲ್ಲಿ ಎಷ್ಟು, 24ರಲ್ಲಿ ಎಷ್ಟು. ಕೊಡುವುದಿಲ್ಲ ಅಂದರೆ ಆ ಕರಾರು ಬಿಟ್ಟುಬಿಡುವುದೇ ಒಳ್ಳೆಯದು.

ಅಪಘಾತದ ಮಾತು ಆಡಲು ಯಾರಿಗೂ ಮನಸ್ಸಿರುವುದಿಲ್ಲ. ಆದರೂ ಎರಡು ವಿಷಯ ಗೊತ್ತಿರಲಿ. 1988ರ ಮೋಟಾರು ವಾಹನ ಕಾಯ್ದೆ ಪ್ರಕಾರ ಲೀಸ್ ಕಾರಿನ ಮಾಲೀಕ ಅಂದರೆ ಅದನ್ನು ಲೀಸ್ ಮೇಲೆ ವಶದಲ್ಲಿ ಇಟ್ಟುಕೊಂಡವರು. ಕಾರು ಕಂಪನಿಯದಲ್ವಾ ಅಂತ ಸುಮ್ನೆ ಕೂರುವಂತಿಲ್ಲ. ಎರಡನೆಯದು, ಕಾರು ಪೂರ್ತಿ ಹಾಳಾದರೆ ವಿಮೆಯವರು ಕೊಡುವುದು ಐಡಿವಿ, ಅಂದರೆ ಸವಕಳಿ ಕಳೆದು ಅವರು ಕಟ್ಟಿದ ಬೆಲೆ. ಕಂಪನಿಗೆ ಕಟ್ಟಬೇಕಾದದ್ದು ಅದಕ್ಕಿಂತ ಜಾಸ್ತಿ ಇದ್ದರೆ ನಡುವಿನ ಕಂದಕ ನಿಮ್ಮದು. ರಿಟರ್ನ್ ಟು ಇನ್‌ವಾಯ್ಸ್ ಅನ್ನುವ ಹೆಚ್ಚುವರಿ ಕವರ್ ಅದನ್ನು ಬಹುಮಟ್ಟಿಗೆ ಮುಚ್ಚುತ್ತದೆ. ಅದನ್ನು ಎಷ್ಟು ವರ್ಷದವರೆಗೆ ಕೊಡುತ್ತಾರೆ ಕೇಳಿಕೊಳ್ಳಿ.

ಯಾವಾಗ ಹೋಗಬೇಕು? ಆಷಾಢದಲ್ಲಿ ಹೋಗಿ. ನಮ್ಮ ಜನ ಆಷಾಢದಲ್ಲಿ, ಪಿತೃಪಕ್ಷದಲ್ಲಿ ಗಾಡಿ ಮನೆಗೆ ತರುವುದಿಲ್ಲ. ಶೋರೂಮ್ ಖಾಲಿ ಇರುತ್ತದೆ, ಟಾರ್ಗೆಟ್ ಮಾತ್ರ ಖಾಲಿ ಆಗಿರುವುದಿಲ್ಲ. ಬಿಲ್ ಆಷಾಢದಲ್ಲಿ, ಡೆಲಿವರಿ ಶ್ರಾವಣದಲ್ಲಿ ಅಂತ ಮಾತಾಡಿದರೆ ಮನೆಯವರಿಗೂ ಸಮಾಧಾನ, ಡಿಸ್ಕೌಂಟೂ ಸಿಗುತ್ತದೆ. ಬಾಡಿಗೆ ಮಾತ್ರ ಡೆಲಿವರಿ ದಿನದಿಂದಲೇ ಶುರುವಾಗಬೇಕು ಅಂತ ಹೇಳಿ. ಡಿಸೆಂಬರ್ ಕೊನೆಯೂ ಒಳ್ಳೆಯ ಸಮಯ, ಆ ವರ್ಷದ ಕಾರುಗಳನ್ನು ಖಾಲಿ ಮಾಡುವ ಆತುರ ಅವರಿಗಿರುತ್ತದೆ. ಆಯುಧಪೂಜೆಗೆ ಮುಂಚೆ ಹೋದರೆ ಕಾಫಿ ಕೊಟ್ಟು ಕಳಿಸುತ್ತಾರೆ ಅಷ್ಟೆ.

ಭಾವ ಮೂರು ವಾರ ಬಿಟ್ಟು ಮತ್ತೆ ಹೋದರು. ಆಷಾಢ ನಡೆಯುತ್ತಿತ್ತು. ಈ ಸಲ ಬಾಡಿಗೆಯ ಮಾತನ್ನೇ ಎತ್ತಲಿಲ್ಲ. ಬೆಲೆ, ಉಳಿಕೆ ಬೆಲೆ, ಬಡ್ಡಿ, ರೋಡ್ ಟ್ಯಾಕ್ಸ್, ಸರ್ವಿಸ್, ಎಲ್ಲಕ್ಕೂ ಬೇರೆ ಬೇರೆ ಸಾಲಿನಲ್ಲಿ ಅಂಕಿ ಬರೆಸಿಕೊಂಡು ಬಂದರು. ಅವರು ವಾರಕ್ಕೆ ಮೂರು ಸಲ ಬೆಂಗಳೂರಿಗೆ ಹೋಗುತ್ತಾರೆ. ವರ್ಷಕ್ಕೆ ಅದೇ ಸುಮಾರು 21,000 ಕಿಲೋಮೀಟರ್. ಉಳಿದ ಓಡಾಟಕ್ಕೆ 9,000 ಸೇರಿಸಿ, 48 ತಿಂಗಳಿಗೆ ಒಟ್ಟು 1,20,000 ಅಂತ ಕರಾರಿನಲ್ಲಿ ಹಾಕಿಸಿದರು. ಅವಧಿಯನ್ನು 60ರಿಂದ 48ಕ್ಕೆ ಇಳಿಸಿದಾಗ ಬಾಡಿಗೆ ಸ್ವಲ್ಪ ಏರಿತು. ಅದಕ್ಕೆ ಅವರು ತಲೆ ಕೆಡಿಸಿಕೊಳ್ಳಲಿಲ್ಲ.

ಶ್ರಾವಣದಲ್ಲಿ ಕಾರು ಬಂತು. ಅಕ್ಕ ಆರತಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಭಾವ ಮಾತ್ರ ಫೋನ್ ಹಿಡಿದು ಕಾರಿನ ಸುತ್ತ ವಿಡಿಯೋ ಮಾಡುತ್ತಿದ್ದರು. ನಾಲ್ಕು ಬಾಗಿಲು, ನಾಲ್ಕು ಟೈರ್, ಬಂಪರ್ ಕೆಳಗೆ, ಓಡೋಮೀಟರ್ ಅಂಕಿ. "ಬನ್ನಿ, ರಾಹುಕಾಲ ಬರ್ತಿದೆ" ಅಂತ ಅಕ್ಕ ಎರಡು ಸಲ ಕೂಗಿದಳು. "ಒಂದು ನಿಮಿಷ ತಡಿ, ನಾಲ್ಕು ವರ್ಷ ಬಿಟ್ಟು ಇದೇ ಸಾಕ್ಷಿ" ಅಂತ ಹೇಳಿ ಹಿಂದಿನ ಗಾಜನ್ನೂ ವಿಡಿಯೋದಲ್ಲಿ ತೆಗೆದುಕೊಂಡು, ಆಮೇಲೆ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟರು.